ಕೇಬಲ್ ಕಡಿದಾಗ ಕಾವಲು ತಂತ್ರಾಂಶವೂ ನಿಲ್ಲಬೇಕೆ?

ಮಾನ್ಯ ಸಂಪಾದಕರೆ,

ದಾವಣಗೆರೆಯಲ್ಲಿ ರಸ್ತೆ ಅಗೆಯುವಾಗ ಕೇಬಲ್ ತುಂಡಾಗುವುದು ಹೊಸ ಸುದ್ದಿಯೇನಲ್ಲ. ಆದರೆ ಹೊರಗಿನ ಸಂಪರ್ಕ ಕಡಿದ ಕೂಡಲೇ ಕಚೇರಿ, ಆಸ್ಪತ್ರೆ, ಕಾಲೇಜುಗಳ ಒಳಗಿನ ಜಾಲವನ್ನು ಕಾಯುವ ನಿರ್ವಹಣಾ ತಂತ್ರಾಂಶವೂ ಏಕೆ ಮಂಕಾಗುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಕಟ್ಟಡದೊಳಗಿನ ಸ್ವಿಚ್ (ಉಪಕರಣಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ), ಕ್ಯಾಮೆರಾ, ಸರ್ವರ್‌ಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಅವುಗಳ ಸ್ಥಿತಿಯನ್ನು ತೋರಿಸಬೇಕಾದ ಪರದೆ ನಿಮಿಷಗಟ್ಟಲೆ ಅಲುಗಾಡುವುದಿಲ್ಲ. ಯಂತ್ರ ಹಳೆಯದಾಯಿತೆಂದು ತೀರ್ಮಾನಿಸಿ ಹೊಸ ಸರ್ವರಿಗೆ ಟೆಂಡರ್ ಕರೆಯುವುದು ರೂಢಿ. ನಗರದ ಸಂಸ್ಥೆಯೊಂದರ ಜಾಲವನ್ನು ನೋಡಿಕೊಳ್ಳುವವನಾಗಿ ನಾನು ಹೇಳುವುದಿಷ್ಟೇ: ಅದಕ್ಕೂ ಮೊದಲು ಡಿಎನ್‌ಎಸ್, ಅಂದರೆ ಉಪಕರಣಗಳ ಹೆಸರು-ವಿಳಾಸ ತಿಳಿಸುವ ವ್ಯವಸ್ಥೆ, ಹೇಗಿದೆ ಎಂದು ನೋಡಬೇಕು.

ಜಾಲದಲ್ಲಿ ಉಪಕರಣಗಳು ಪರಸ್ಪರ ಗುರುತಿಸುವುದು ಐಪಿ ವಿಳಾಸವೆಂಬ ಅಂಕಿಗಳಿಂದ. ಹೆಸರು ಬೇಕಾಗಿರುವುದು ನಮಗೆ. 1983ರಲ್ಲಿ ರೂಪುಗೊಂಡು 1987ರಲ್ಲಿ ಇಂದಿನ ಸ್ವರೂಪ ಪಡೆದ ಡಿಎನ್‌ಎಸ್ ಈ ಎರಡರ ನಡುವಿನ ನಂಟನ್ನು ತಿಳಿಸುತ್ತದೆ. ಹೆಸರು ಕೊಟ್ಟರೆ ವಿಳಾಸವನ್ನೂ, ವಿಳಾಸ ಕೊಟ್ಟರೆ ಹೆಸರನ್ನೂ ಹೇಳುತ್ತದೆ. ಪರದೆಯ ಮೇಲೆ ಉಪಕರಣದ ಹೆಸರು ತೋರಿಸಲು ನಿರ್ವಹಣಾ ತಂತ್ರಾಂಶಕ್ಕೆ ಹೆಚ್ಚಾಗಿ ಬೇಕಾಗುವುದು ಎರಡನೆಯದು, ಅಂದರೆ ರಿವರ್ಸ್ ಲುಕಪ್. ವಿಚಿತ್ರವೆಂದರೆ ನಮ್ಮಲ್ಲಿ ತೀರ ಅಲಕ್ಷ್ಯಕ್ಕೆ ಗುರಿಯಾಗಿರುವುದೂ ಅದೇ. ಉಪಕರಣ ಅಳವಡಿಸಲು ಬಂದವರು ಅದಕ್ಕೊಂದು ವಿಳಾಸ ಕೊಟ್ಟು, ಹೊರಗಿನ ಯಾವುದೋ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ಸಂಖ್ಯೆ ತುಂಬಿಸಿ ಹೊರಟುಬಿಡುತ್ತಾರೆ. 10 ಅಥವಾ 192.168ರಿಂದ ಆರಂಭವಾಗುವ ನಮ್ಮ ಒಳಗಿನ ಖಾಸಗಿ ವಿಳಾಸಗಳ ಹೆಸರು ಹೊರಗಿನ ಸರ್ವರಿಗೆ ತಿಳಿದಿರಲು ಸಾಧ್ಯವೇ ಇಲ್ಲ.

ಸಂಪರ್ಕ ಸರಿಯಿದ್ದಾಗ ಇದರಿಂದ ಹೆಚ್ಚಿನ ತೊಂದರೆ ಕಾಣುವುದಿಲ್ಲ. ‘ಅಂಥ ಹೆಸರಿಲ್ಲ’ ಎಂಬ ಉತ್ತರ ಕ್ಷಣದಲ್ಲಿ ಬರುತ್ತದೆ, ತಂತ್ರಾಂಶ ಮುಂದಕ್ಕೆ ಹೋಗುತ್ತದೆ. ಉತ್ತರವೇ ಬಾರದಿದ್ದಾಗ ಮಾತ್ರ ಕಥೆ ಬೇರೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಮೂಲ ಹೊಂದಾಣಿಕೆಯ ಪ್ರಕಾರ ಒಂದು ಪ್ರಶ್ನೆಗೆ 5 ಸೆಕೆಂಡು ಕಾದು, ಮತ್ತೊಮ್ಮೆ ಕೇಳಿ, ಪುನಃ 5 ಸೆಕೆಂಡು ಕಾಯಲಾಗುತ್ತದೆ. ಡಿಎನ್‌ಎಸ್ ಸರ್ವರ್ ಒಂದೇ ಇದ್ದರೆ ಪ್ರತಿ ವಿಳಾಸಕ್ಕೆ 10 ಸೆಕೆಂಡು, ಎರಡಿದ್ದು ಎರಡೂ ಮೌನವಾಗಿದ್ದರೆ 20 ಸೆಕೆಂಡು. ತಂತ್ರಾಂಶವು ಪ್ರತಿಯೊಂದರ ಹೆಸರು ಹುಡುಕುತ್ತ ಉಪಕರಣಗಳ ಸ್ಥಿತಿಯನ್ನು ಒಂದಾದ ಮೇಲೊಂದರಂತೆ ವಿಚಾರಿಸುವುದಾದರೆ, 100 ಉಪಕರಣಗಳಿಗೆ 1000 ಸೆಕೆಂಡು, ಅಂದರೆ 16 ನಿಮಿಷಕ್ಕೂ ಮೀರಿದ ಕಾಲ ಬರಿಯ ಕಾಯುವಿಕೆಯಲ್ಲೇ ಕಳೆಯುತ್ತದೆ. 5 ನಿಮಿಷಕ್ಕೊಮ್ಮೆ ಮುಗಿಯಬೇಕಾದ ವಿಚಾರಣೆಯ ಸುತ್ತು ಹೀಗೆ ಮುಗಿಯುವುದೇ ಇಲ್ಲ. ಅಷ್ಟೂ ಹೊತ್ತು ಪ್ರೊಸೆಸರ್ ಸುಮ್ಮನೆ ಕುಳಿತಿರುತ್ತದೆ. ಆದ್ದರಿಂದಲೇ ಹೊಸ ಸರ್ವರ್ ತಂದರೂ ಫಲವಿಲ್ಲ.

ಅದೇ ಹೊತ್ತಿಗೆ ಉಪಕರಣಗಳು ತಾವಾಗಿ ಕಳುಹಿಸುವ ಎಚ್ಚರಿಕೆಗಳು, ಅಂದರೆ ಎಸ್‌ಎನ್‌ಎಂಪಿ ಟ್ರ್ಯಾಪ್‌ಗಳು, ಸಾಲುಗಟ್ಟಿ ಬರುತ್ತಿರುತ್ತವೆ. ಒಂದೊಂದು ಬಂದಾಗಲೂ ಕಳುಹಿಸಿದವರ ಹೆಸರು ಹುಡುಕಲು ತಂತ್ರಾಂಶ ನಿಂತರೆ ಅದರ ಹಿಂದೆ ಬರುವವು ಗುಡ್ಡೆ ಬೀಳುತ್ತವೆ. ಟ್ರ್ಯಾಪ್‌ಗಳು ಸಾಮಾನ್ಯವಾಗಿ ಯುಡಿಪಿಯಲ್ಲಿ, ಅಂದರೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳದ ರವಾನೆ ವಿಧಾನದಲ್ಲಿ, ಬರುವುದರಿಂದ, ಜಾಗ ತುಂಬಿದ ಮೇಲೆ ಬಂದವು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಯಾವ ಹೊತ್ತಿನಲ್ಲಿ ಈ ತಂತ್ರಾಂಶ ನಮ್ಮ ಕೈ ಹಿಡಿಯಬೇಕಿತ್ತೋ ಅದೇ ಹೊತ್ತಿನಲ್ಲಿ ಕೈಕೊಡುತ್ತದೆ.

ಹೆಸರು ಹುಡುಕುವುದನ್ನೇ ನಿಲ್ಲಿಸಿಬಿಡಿ ಎಂದು ಸಲಹೆ ನೀಡುವವರಿದ್ದಾರೆ. ಅದರಲ್ಲಿ ಹುರುಳಿಲ್ಲದಿಲ್ಲ: ಜಾಲತಾಣಗಳನ್ನು ಒದಗಿಸುವ ಅಪಾಚೆ ವೆಬ್ ಸರ್ವರ್ ತಂತ್ರಾಂಶ ಕೂಡ ಲಾಗ್‌ನಲ್ಲಿ (ಭೇಟಿಗಳ ದಾಖಲೆಯಲ್ಲಿ) ಹೆಸರು ಬರೆಯುವ ಪದ್ಧತಿಯನ್ನು 1.3ನೇ ಆವೃತ್ತಿಯಿಂದ ತಾನಾಗಿ ಮಾಡದಂತೆ ಬದಲಿಸಿತು. ಆದರೆ ರಾತ್ರಿ ಪಾಳಿಯ ಹುಡುಗನಿಗೆ 10.20.4.17 ಎಂಬ ಅಂಕಿಯಷ್ಟೇ ಕಂಡರೆ ಅದು ರಕ್ತನಿಧಿಯ ಸ್ವಿಚ್ಚೋ ಪಾರ್ಕಿಂಗಿನ ಕ್ಯಾಮೆರಾವೋ ಅವನಿಗೆ ಹೇಗೆ ತಿಳಿಯಬೇಕು? ವಿಚಾರಣೆ ವಿಳಾಸದಿಂದಲೇ ನಡೆಯಲಿ. ಹೆಸರನ್ನು ಬೇರೆಯಾಗಿ, ವಿಚಾರಣೆಗೆ ಅಡ್ಡಿಯಾಗದಂತೆ ತಂದು, ಕೆಲಕಾಲ ನೆನಪಿನಲ್ಲಿಟ್ಟುಕೊಂಡು ತೋರಿಸಲಿ. ಒಳ್ಳೆಯ ತಂತ್ರಾಂಶಗಳಲ್ಲಿ ಇದಕ್ಕೆ ಅವಕಾಶವಿರುತ್ತದೆ, ಕೇಳುವವರು ಬೇಕು.

ಪರೀಕ್ಷಿಸುವುದು ಕಷ್ಟವಲ್ಲ. ಮಾಹಿತಿ ಸಾಗುವ ದಾರಿಯನ್ನು ತೋರಿಸುವ ಲಿನಕ್ಸ್‌ನ ಟ್ರೇಸ್‌ರೂಟ್ ಆದೇಶವನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಹೆಸರು ಹುಡುಕದಂತೆ ತಡೆಯುವ ‘ಎನ್’ (-n) ಆಯ್ಕೆ ಸೇರಿಸಿ ಕೊಡಬೇಕು. ವಿಂಡೋಸ್‌ನಲ್ಲಾದರೆ ಟ್ರೇಸರ್ಟ್ (tracert) ಆದೇಶ, ‘ಡಿ’ (-d) ಆಯ್ಕೆ. ಮೊದಲನೆಯದು ಎಳೆದಾಡಿ ಎರಡನೆಯದು ಸರಾಗವಾಗಿ ಮುಗಿದರೆ ಅನುಮಾನ ಡಿಎನ್‌ಎಸ್ ಮೇಲೆಯೇ ಹೋಗಬೇಕು.

ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ನಮ್ಮದೂ ಒಂದು. ಹೀಗಿರುವಾಗ ಇಲ್ಲಿನ ಸಾರ್ವಜನಿಕ ಸಂಸ್ಥೆಗಳ ಟೆಂಡರ್ ಪತ್ರಗಳಲ್ಲಿ ಪ್ರೊಸೆಸರ್, ಮೆಮೊರಿ, ಬ್ಯಾಂಡ್‌ವಿಡ್ತ್‌ಗಳ ಜೊತೆಗೆ ಇನ್ನೆರಡು ಷರತ್ತು ಸೇರಿಸುವುದು ಹೆಚ್ಚಿನ ಖರ್ಚಿನ ಬಾಬತ್ತಲ್ಲ. ಆವರಣದೊಳಗೇ ಒಂದು ಡಿಎನ್‌ಎಸ್ ಸರ್ವರ್ ಇದ್ದು, ಅಳವಡಿಸಿದ ಪ್ರತಿ ಉಪಕರಣದ ಹೆಸರು ಮತ್ತು ವಿಳಾಸ ಎರಡೂ ದಿಕ್ಕಿನಲ್ಲಿ ಅದರಲ್ಲಿ ನಮೂದಾಗಿರಬೇಕು. ಕೆಲಸ ವಹಿಸಿಕೊಳ್ಳುವ ದಿನ ಹೊರಗಿನ ಕೇಬಲ್ಲನ್ನು ಬೇಕೆಂದೇ ಕಿತ್ತು, ನಿರ್ವಹಣಾ ಪರದೆ ತನ್ನ ಸುತ್ತನ್ನು ಸಮಯಕ್ಕೆ ಮುಗಿಸುತ್ತದೆಯೇ ಎಂದು ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಬೇಕು.

ಇತಿ,
ಜಾಲ ನಿರ್ವಾಹಕ, ವಿದ್ಯಾನಗರ, ದಾವಣಗೆರೆ