ತಾಳಮದ್ದಳೆ ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೊದಲೆಲ್ಲ ಒಂದು ತಾಳಮದ್ದಳೆ ಕೂಟ (ವೇಷವಿಲ್ಲದೆ, ಕುಳಿತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಆಗಬೇಕಾದರೆ ನೋಟಿಸು ಅಚ್ಚು ಹಾಕಿಸಿ ಬದಿಯಡ್ಕ, ಪೆರ್ಲ, ಕುಂಬಳೆ ಪೇಟೆಯ ಅಂಗಡಿಗಳಿಗೆ ಹಂಚಿ, ಪಾತ್ರಗಳ ಮಾತು ಆಡುವ ಅರ್ಥಧಾರಿಗಳ ಮನೆಗೇ ಹೋಗಿ ಹೇಳಿ ಬರಬೇಕಿತ್ತು. ಈಗ ವಾಟ್ಸಾಪ್ ಇರುವುದರಿಂದ, ಹಾಡುವ ಭಾಗವತರು ಬರುವುದಿಲ್ಲ ಅಂತ ಮಧ್ಯಾಹ್ನ ಗೊತ್ತಾದರೂ ಸಂಜೆಯೊಳಗೆ ಇನ್ನೊಬ್ಬರು ಸಿಗುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಆದರೆ ವಾಟ್ಸಾಪ್ ಗುಂಪಿನಲ್ಲಿ 1024 ಜನ ಇರಬಹುದು ಅಂತ ಸಿಕ್ಕಿದವರನ್ನೆಲ್ಲ ಸೇರಿಸಿದರೆ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಪ್ರಸಂಗದ (ಆ ದಿನದ ಕಥೆಯ) ಹೆಸರೇ ಕಾಣುವುದಿಲ್ಲ, ಅಲ್ವಾ? ಹಾಗಾಗಿ ದಿನ, ಜಾಗ ಮೇಲೆ ಪಿನ್ ಮಾಡಿದ್ದೇವೆ. ಬರುವವರು ಪೋಲ್‌ನಲ್ಲಿ ಒತ್ತಿ, ಊಟದ ಲೆಕ್ಕ ಅದರಿಂದಲೇ. ಸುಮ್ನೆ ಹೆಬ್ಬೆರಳು ಹಾಕಿದರೆ ಬರುತ್ತೀರೋ ಇಲ್ಲವೋ ಗೊತ್ತಾಗುವುದಿಲ್ಲ. ಮೊಬೈಲ್ ಜಾಸ್ತಿ ನೋಡದ ಹಿರಿಯರಿಗೆ ಹತ್ತಿರದವರು ಫೋನ್ ಮಾಡಿ ಹೇಳಿ, ಅವರನ್ನು ಬಿಟ್ಟು ಕೂಟ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪೋಲ್ ನಾಳೆ ರಾತ್ರಿಯವರೆಗೆ ಇರುತ್ತದೆ.