ಕಥೆ ಸರಿಯಾಗಿ ಕೂತ್ರೆ ಸಾಲ್ದು ಕಣಮ್ಮಾ

ಪ್ರೀತಿಯ ತಂಗಿ,

ನೀನು ಕಳ್ಸಿದ ಡ್ರಾಫ್ಟ್ ಓದ್ದೆ. ಭಾಷೆ ಸರಾಗವಾಗಿ ಓಡುತ್ತೆ, ಎಲ್ಲೂ ಎಡವಲಿಲ್ಲ, ನಿಜ ಹೇಳ್ಬೇಕಂದ್ರೆ ನಂಗೆ ಚಿಂತೆ ಹತ್ತಿದ್ದೂ ಅಲ್ಲೇ. "ಗಂಡಸರು ಯಾಕೆ ಒಬ್ಬಳಿಗೇ ನಿಲ್ಲಲ್ಲ" ಅನ್ನೋ ಪ್ರಶ್ನೆಗೆ ವಿಕಾಸವಾದದಿಂದ ಉತ್ತರ ಕೊಡೋಕೆ ಹೊರಟು ಎರಡೇ ಪ್ಯಾರಾದಲ್ಲಿ ಆದಿಮಾನವರ ಕಾಲಕ್ಕೆ ಹೋಗಿ, ಬೇಟೆ ಆಡಿಸಿ, ಜೀನ್ ಹರಡಿಸಿ, ವಾಪಸ್ ಇವತ್ತಿನ ಆಫೀಸಿಗೆ ಬಂದ್ಬಿಟ್ಟಿದೀಯ. ಓದೋರು ಹೌದಲ್ವಾ ಅಂತ ತಲೆ ಆಡಿಸ್ತಾರೆ, ಡೌಟೇ ಇಲ್ಲ. ಆದ್ರೆ ಅಷ್ಟು ಸುಲಭವಾಗಿ ತಲೆ ಆಡಿಸೋ ಹಾಗೆ ಯಾಕಿದೆ ಇದು ಅಂತ ನೀನು ಒಂದ್ಸಲನಾದ್ರೂ ಕೇಳ್ಕೋಬೇಕಿತ್ತು.

ಒಂದು ಕೆಲ್ಸ ಮಾಡು. ಗಂಡು ಜಾಸ್ತಿ ಹೆಣ್ಣುಗಳ ಜೊತೆ ಕೂಡಿದ್ರೆ ಅವನ ಜೀನ್ ಜಾಸ್ತಿ ಹರಡುತ್ತೆ, ಅದಕ್ಕೇ ಅಲೀತಾನೆ ಅನ್ನೋ ನಿನ್ನ ಮೂರನೇ ಪ್ಯಾರಾನ ಉಲ್ಟಾ ಮಾಡಿ ಬರಿ. ಗಂಡಸರು ಒಬ್ಬಳ ಜೊತೆಗೇ ಉಳ್ಕೊಳ್ತಾರೆ, ಯಾಕಂದ್ರೆ ಮನುಷ್ಯರ ಮಗು ವರ್ಷಗಟ್ಟಲೆ ಕೈಲಾಗದೆ ಇರುತ್ತೆ, ಅಪ್ಪ ಹತ್ರ ಇದ್ದು ನೋಡ್ಕೊಂಡ್ರೆ ಮಗು ಬದುಕೋ ಚಾನ್ಸ್ ಜಾಸ್ತಿ, ಹಾಗೆ ಉಳಿದವರ ಸಂತಾನವೇ ಮುಂದೆ ಬಂತು, ಅದಕ್ಕೇ ನಾವೆಲ್ಲ ಜೋಡಿಯಾಗಿ ಬದುಕ್ತೀವಿ ಅಂತ. ಇದೂ ಅಷ್ಟೇ ಚಂದ ಕೂರುತ್ತೆ ಅಲ್ವಾ? ಮೋಸ ಮಾಡಿದ್ರೂ ವಿಕಾಸ, ಮಾಡದೆ ಇದ್ರೂ ವಿಕಾಸ ಅಂದ್ರೆ ನಿನ್ನ ಪ್ಯಾರಾ ಏನೂ ಹೇಳ್ದಂಗಾಗ್ಲಿಲ್ಲ. ಈ ವಿಷಯದ ಮೇಲೆ ಬರೆಯೋಕೆ ಕೂತಾಗೆಲ್ಲ ಈ ಉಲ್ಟಾ ಪರೀಕ್ಷೆ ಮಾಡ್ಕೋ, ಅರ್ಧ ಸಾಲುಗಳು ಅಲ್ಲೇ ಉದುರಿ ಹೋಗ್ತವೆ.

ಇನ್ನು ನೀನು ಕೊಟ್ಟಿರೋ ಹಣ್ಣುನೊಣದ ಉದಾಹರಣೆಗೆ ಬರ್ತೀನಿ. 1948ರಲ್ಲಿ ಆಂಗಸ್ ಬೇಟ್‌ಮನ್ ಅನ್ನೋ ವಿಜ್ಞಾನಿ ಮಾಡಿದ ಪ್ರಯೋಗ, ಗಂಡು ಹೆಚ್ಚು ಹೆಣ್ಣುಗಳ ಜೊತೆ ಕೂಡಿದಷ್ಟೂ ಮಕ್ಕಳು ಹೆಚ್ಚು, ಹೆಣ್ಣಿಗೆ ಅಷ್ಟೇನೂ ಲಾಭ ಇಲ್ಲ ಅಂತ. "ವಿಜ್ಞಾನ ಸಾಬೀತು ಮಾಡಿದೆ" ಅಂತ ಅದನ್ನ ಒಂದೇ ಸಾಲಲ್ಲಿ ಮುಗಿಸಿದೀಯ. ಆ ಪ್ರಯೋಗ ಹೇಗೆ ನಡೀತು ಅಂತ ನೋಡಿದೀಯಾ? ಡಿಎನ್‌ಎ ಟೆಸ್ಟ್ ಇಲ್ಲದ ಕಾಲ ಅದು, ಬಾಟಲಿಯೊಳಗಿನ ಮರಿಗೆ ಅಪ್ಪ ಯಾರು ಅಮ್ಮ ಯಾರು ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಅವನು ಒಂದೊಂದು ನೊಣಕ್ಕೂ ಕಣ್ಣಿಗೆ ಕಾಣೋ ಬೇರೆಬೇರೆ ಮ್ಯುಟೇಷನ್, ಅಂದ್ರೆ ಜೀನ್‌ನಲ್ಲಾದ ಬದಲಾವಣೆ, ಇರೋ ಹಾಗೆ ಆರಿಸ್ಕೊಂಡ, ಒಂದಕ್ಕೆ ಸುರುಳಿ ರೆಕ್ಕೆ, ಇನ್ನೊಂದಕ್ಕೆ ಪುಟ್ಟ ಕಣ್ಣು, ಹೀಗೆ. ಮರಿಯಲ್ಲಿ ಎರಡೂ ಗುರುತು ಕಂಡ್ರೆ ಅಪ್ಪ ಅಮ್ಮ ಇಬ್ರೂ ಸಿಕ್ಕಿದ್ರು ಅಂತ ಲೆಕ್ಕ. ಐಡಿಯಾ ಏನೋ ಜಾಣತನದ್ದೇ. ಆದ್ರೆ ಎರಡೆರಡು ಮ್ಯುಟೇಷನ್ ಹೊತ್ಕೊಂಡ ಮರಿ ಎಷ್ಟೋ ಸಲ ಬದುಕೋದೇ ಇಲ್ಲ, ಬೆಳೆಯೋ ಮುಂಚೆನೇ ಸಾಯುತ್ತೆ. ಸತ್ತ ಮರಿ ಲೆಕ್ಕಕ್ಕೆ ಬರಲ್ಲ. 2012ರಲ್ಲಿ ಪೆಟ್ರಿಷಿಯಾ ಗೊವಾಟಿ ಮತ್ತವರ ತಂಡ ಅದೇ ಪ್ರಯೋಗನ ಅದೇ ವಿಧಾನದಲ್ಲಿ ಮತ್ತೆ ಮಾಡಿದಾಗ ಈ ತೂತು ಬಯಲಿಗೆ ಬಂತು. ಇನ್ನೂ ಮಜಾ ಅಂದ್ರೆ ಬೇಟ್‌ಮನ್‌ನ ಹಳೇ ಲೆಕ್ಕದಲ್ಲಿ ಅಮ್ಮಂದಿರಿಗಿಂತ ಅಪ್ಪಂದಿರ ಹೆಸರಲ್ಲಿ ಜಾಸ್ತಿ ಮಕ್ಕಳು ಬರೆದಿದ್ವು. ಪ್ರತಿ ಮರಿಗೂ ಒಬ್ಬ ಅಪ್ಪ ಒಬ್ಬ ಅಮ್ಮ ಇರ್ಲೇಬೇಕಲ್ವಾ, ಎರಡು ಕಡೆ ಮೊತ್ತ ಬೇರೆ ಬರೋಕೆ ಹೇಗೆ ಸಾಧ್ಯ! ಇಷ್ಟು ಸರಳವಾದ ಕೂಡಿಸೋ ಲೆಕ್ಕ ದಶಕಗಟ್ಟಲೆ ಯಾರ ಕಣ್ಣಿಗೂ ಚುಚ್ಚಲಿಲ್ಲ, ಯಾಕಂದ್ರೆ ಫಲಿತಾಂಶ ಎಲ್ಲರೂ ಮೊದ್ಲೇ ನಂಬಿದ್ದನ್ನೇ ಹೇಳ್ತಿತ್ತು. 1972ರಲ್ಲಿ ರಾಬರ್ಟ್ ಟ್ರಿವರ್ಸ್ ಅನ್ನೋ ಜೀವವಿಜ್ಞಾನಿ ತನ್ನ ಪ್ರಸಿದ್ಧ ಪೇಪರಲ್ಲಿ ಇದನ್ನ ಎತ್ತಿ ಹಿಡಿದ ಮೇಲಂತೂ ಎಲ್ಲಾ ಟೆಕ್ಸ್ಟ್‌ಬುಕ್ಕಿಗೂ ಹೋಯ್ತು. ಹಾಗಂತ ಗಂಡು ಹೆಣ್ಣಿನ ವ್ಯತ್ಯಾಸವೇ ಸುಳ್ಳು ಅಂತ ಬರೀಬೇಡ ಮತ್ತೆ, ಎಷ್ಟೋ ಪ್ರಾಣಿಗಳಲ್ಲಿ ಅದು ಇದೆ. ಈ ಒಂದು ಪ್ರಯೋಗ ಆ ಭಾರ ಹೊರಲ್ಲ, ಅಷ್ಟೇ.

ಹಾಗಾದ್ರೆ ಒಳ್ಳೆ ವಿವರಣೆ ಹೇಗಿರುತ್ತೆ ಅಂತ ಕೇಳ್ತೀಯ. ಮುಸುವಗಳ ಕಥೆ ಓದು. 1960ರ ದಶಕದಲ್ಲಿ ಯುಕಿಮಾರು ಸುಗಿಯಾಮಾ ಅನ್ನೋ ಜಪಾನಿ ವಿಜ್ಞಾನಿ ನಮ್ಮ ಧಾರವಾಡದ ಸುತ್ತಮುತ್ತಲ ಕಾಡಲ್ಲಿ ಮುಸುವಗಳ ಹಿಂದೆ ಬಿದ್ದಿದ್ದ. ಹೊಸ ಗಂಡು ಹಳೇ ಗಂಡನ್ನ ಓಡಿಸಿ ಗುಂಪು ವಶ ಮಾಡ್ಕೊಂಡ ಮೇಲೆ ಅಲ್ಲಿನ ಮರಿಗಳನ್ನ ಕಚ್ಚಿ ಸಾಯಿಸೋದನ್ನ ಅವನು ದಾಖಲು ಮಾಡಿದ. ಆಗ ಬಹಳ ಜನಕ್ಕೆ ಇದು ರೋಗ ಅಂತ ಅನ್ಸಿತ್ತು, ಜಾಗಕ್ಕಿಂತ ಕೋತಿ ಜಾಸ್ತಿ ಆಗಿ ತಲೆ ಕೆಟ್ಟಿರ್ಬೇಕು ಅಂತ. 70ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿಗೆ ಬಂದ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ ಬೇರೆ ಮಾತು ಹೇಳಿದ್ಲು. ಮರಿ ಹಾಲು ಕುಡೀತಿರೋವರೆಗೂ ತಾಯಿ ಬೆದೆಗೆ ಬರಲ್ಲ, ಮರಿ ಸತ್ರೆ ಬೇಗ ಬರ್ತಾಳೆ, ಹೊಸ ಗಂಡಿಗೆ ಟೈಮ್ ಉಳಿಯುತ್ತೆ, ಅದಕ್ಕೇ ಕೊಲ್ಲುತ್ತೆ ಅಂತ. ಇದೂ ನಿನ್ನದರ ಥರ ಒಂದು ಕಥೆನೇ ಅಂತೀಯಾ? ಇಲ್ಲ, ಈ ಕಥೆ ತಪ್ಪಾಗಿದ್ರೆ ಸಿಕ್ಕಿಬೀಳೋಕೆ ತಾನೇ ಜಾಗ ಕೊಡುತ್ತೆ. ಇದು ನಿಜ ಆದ್ರೆ ಗಂಡು ತನ್ನ ಸ್ವಂತ ಮರಿನ ಕೊಲ್ಲಬಾರದು, ಕೊಂದ ಮೇಲೆ ಆ ತಾಯಿ ಜೊತೆ ಕೂಡ್ಬೇಕು. ಸ್ವಂತ ಮರಿಗಳನ್ನೂ ಹಾಗೇ ಕೊಲ್ತಾ ಇದ್ರೆ ಥಿಯರಿ ಕೆಳಗೆ ಬಿತ್ತು. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ನೋಡಿದ್ರು, ಕೊಂದ ಗಂಡುಗಳು ಸತ್ತ ಮರಿಗಳ ಅಪ್ಪ ಆಗಿರ್ಲಿಲ್ಲ. ಎಷ್ಟು ವರ್ಷ ಕಾದಿದೆ ನೋಡು ಆ ಥಿಯರಿ ಒಂದು ಸರಿಯಾದ ಪರೀಕ್ಷೆಗೆ.

ಅದೇ ಹರ್ಡಿ ಇನ್ನೊಂದನ್ನೂ ನೋಡಿದ್ಲು, ನಿನ್ನ ಲೇಖನಕ್ಕೆ ಅದೇ ಮುಖ್ಯ. ಹೆಣ್ಣು ಮುಸುವಗಳು ಸುಮ್ನೆ ಕೂತಿರ್ಲಿಲ್ಲ. ಗುಂಪಿನ ಹೊರಗಿನ ಗಂಡುಗಳ ಹತ್ರಾನೂ ಹೋಗ್ತಿದ್ವು, ಬಸುರಿ ಆಗಿದ್ದಾಗಲೂ ಹೊಸ ಗಂಡನ್ನ ಕರೀತಿದ್ವು. ಮರಿ ತನ್ನದೇ ಇರಬಹುದು ಅಂತ ನಾಲ್ಕು ಗಂಡಿಗೆ ಅನುಮಾನ ಇದ್ರೆ ಮರಿ ಉಳಿಯೋ ಸಾಧ್ಯತೆ ಜಾಸ್ತಿ ಅನ್ನೋದು ಅವಳ ವಾದ. "ಹೆಣ್ಣು ನಾಚ್ಕೊಂಡು ಆರಿಸ್ತಾಳೆ, ಗಂಡು ಅಲೀತಾನೆ" ಅಂತ ನೀನು ಪ್ರಕೃತಿ ನಿಯಮದ ಥರ ಬರೆದಿದೀಯಲ್ಲ, ಆ ವಾಕ್ಯ ಮೌಂಟ್ ಅಬುನಲ್ಲೇ ಬಿದ್ದೋಗಿದೆ.

ಈಗ ಮನುಷ್ಯರ ವಿಷಯ. ಇಲ್ಲಿ ಡೇಟಾ ಎಲ್ಲಿಂದ ಬಂತು ಅನ್ನೋದೇ ಅರ್ಧ ಸುದ್ದಿ. ಸೊಂಟ ಮತ್ತು ನಿತಂಬದ ಅಳತೆಯ ಅನುಪಾತ 0.7 ಇದ್ರೆ ಗಂಡಸರಿಗೆ ಇಷ್ಟ, ಅದು ಹುಟ್ಟುಗುಣ ಅಂತ ಬರೆದಿದೀಯ, 1993ರ ದೇವೇಂದ್ರ ಸಿಂಗ್ ಅವರ ಕೆಲಸ ಅದು. ಅದು ಅಮೆರಿಕದಲ್ಲಿ ರೇಖಾಚಿತ್ರ ತೋರಿಸಿ ಕೇಳಿದ್ದು. 1998ರಲ್ಲಿ ಡಗ್ಲಸ್ ಯು ಮತ್ತು ಗ್ಲೆನ್ ಶೆಪರ್ಡ್ ಪೆರು ದೇಶದ ಕಾಡಲ್ಲಿ ಹೊರಗಿನ ಸಂಪರ್ಕ ಅಷ್ಟಾಗಿ ಇಲ್ಲದ ಮಾತ್ಸಿಗೆಂಕಾ ಜನರಿಗೆ ಅದೇ ಥರ ಚಿತ್ರ ತೋರಿಸಿದ್ರೆ ಅವರ ಆಯ್ಕೆ ಬೇರೇನೇ ಬಂತು, ಮತ್ತೆ ಹೊರಗಿನವರ ಜೊತೆ ಒಡನಾಟ ಜಾಸ್ತಿ ಇದ್ದೋರ ಆಯ್ಕೆ ಅಮೆರಿಕದವರ ಕಡೆಗೆ ವಾಲ್ತಾ ಹೋಯ್ತು. ಕಾಲೇಜು ಹುಡುಗರ ಅಭಿರುಚಿನ ಮನುಷ್ಯಕುಲದ ಸ್ವಭಾವ ಅಂತ ಕರೆಯೋಕೆ ಮುಂಚೆ ಅಷ್ಟು ದೂರ ಹೋಗಿ ಕೇಳ್ಬೇಕಾಗುತ್ತೆ.

ಎಲ್ಲವೂ ಹೀಗೆ ಬೀಳುತ್ತೆ ಅಂತಲೂ ಅಲ್ಲ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರಿಗೆ ಒಬ್ಬರ ಮೇಲೊಬ್ಬರಿಗೆ ಆಸೆ ಹುಟ್ಟಲ್ಲ ಅಂತ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಹೇಳಿದ್ದ. ಇಸ್ರೇಲಿನ ಕಿಬ್ಬುಟ್ಸ್‌ಗಳಲ್ಲಿ, ಅಂದ್ರೆ ಎಲ್ಲರೂ ಕೂಡಿ ಬಾಳೋ ಹಳ್ಳಿಗಳಲ್ಲಿ, ರಕ್ತಸಂಬಂಧ ಇಲ್ಲದ ಮಕ್ಕಳು ಒಂದೇ ಕಡೆ ಒಟ್ಟಿಗೆ ಬೆಳೀತಿದ್ರು, ಮದುವೆಗೆ ಯಾರ ಅಡ್ಡಿನೂ ಇರ್ಲಿಲ್ಲ, ಆದ್ರೂ ಜೋಸೆಫ್ ಶೆಫರ್ 1971ರಲ್ಲಿ 2,769 ಮದುವೆಗಳನ್ನ ಜಾಲಾಡಿದಾಗ ಹುಟ್ಟಿದಾಗಿನಿಂದ ಆರು ವರ್ಷದವರೆಗೆ ಒಂದೇ ಗುಂಪಲ್ಲಿ ಬೆಳೆದವರ ನಡುವೆ ಮದುವೆನೇ ಸಿಗ್ಲಿಲ್ಲ. ತೈವಾನಿನಲ್ಲಿ ಉಲ್ಟಾ, ಪುಟ್ಟ ಹುಡುಗಿನ ಮುಂದೆ ಸೊಸೆ ಮಾಡ್ಕೊಳ್ಳೋಕೆ ಅಂತಲೇ ತಂದು ಸಾಕೋರು, ಅಂಥ ಜೋಡಿಗಳಲ್ಲಿ ಮಕ್ಕಳು ಕಮ್ಮಿ, ವಿಚ್ಛೇದನ ಜಾಸ್ತಿ ಅಂತ ಆರ್ಥರ್ ವುಲ್ಫ್ ತೋರಿಸಿದ. ಒಂದು ಕಡೆ ಸಮಾಜ ಬೇಡ ಅಂದಿಲ್ಲ, ಇನ್ನೊಂದು ಕಡೆ ಸಮಾಜವೇ ಒತ್ತಾಯ ಮಾಡ್ತಿದೆ, ಎರಡು ಕಡೆಯೂ ಫಲಿತಾಂಶ ಒಂದೇ ದಿಕ್ಕಿಗೆ. ಇಂಥದ್ದನ್ನ ಧೈರ್ಯವಾಗಿ ಬರಿ. ಜೊತೆಗೆ 2009ರಲ್ಲಿ ಕಿಬ್ಬುಟ್ಸಿನಲ್ಲಿ ಬೆಳೆದವರನ್ನ ಕೂರಿಸಿ ಮಾತಾಡ್ಸಿದ ಇಬ್ರು ಸಂಶೋಧಕರಿಗೆ, ಆಕರ್ಷಣೆ ಇತ್ತು ಅಂತ ಹೇಳ್ಕೊಂಡೋರೂ ಸಿಕ್ರು ಅನ್ನೋದನ್ನೂ ಒಂದು ಸಾಲು ಹಾಕು, ಮದುವೆ ಆಗ್ಲಿಲ್ಲ ಅಂದಾಕ್ಷಣ ಆಸೆನೇ ಇರ್ಲಿಲ್ಲ ಅಂತ ಅಲ್ವಲ್ಲ.

ನಿನ್ನ ಡ್ರಾಫ್ಟಲ್ಲಿ ನಂಗೆ ತುಂಬಾ ಕಿರಿಕಿರಿ ಆಗಿದ್ದು "ಅವನು ತನ್ನ ಜೀನ್ ಹರಡೋಕೆ ಹಾಗೆ ಮಾಡ್ತಾನೆ" ಅನ್ನೋ ವಾಕ್ಯ, ನಾಲ್ಕೈದು ಕಡೆ ಇದೆ. ಯಾವನೂ ಜೀನ್ ಹರಡೋಕೆ ಅಂತ ಏನೂ ಮಾಡಲ್ಲಮ್ಮ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡೋರೂ ಪ್ರೇಮದಲ್ಲಿ ಬೀಳ್ತಾರೆ, ಕದ್ದುಮುಚ್ಚಿ ಓಡಾಡ್ತಾರೆ. ಒಂದು ಗುಣ ಹಿಂದೆ ಯಾಕೆ ಉಳ್ಕೊಂತು ಅನ್ನೋದು ಒಂದು ಪ್ರಶ್ನೆ, ಇವತ್ತು ಈ ಮನುಷ್ಯ ಯಾಕೆ ಹೀಗೆ ಮಾಡಿದ ಅನ್ನೋದು ಇನ್ನೊಂದು. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ನಿಕೋ ಟಿನ್‌ಬರ್ಗೆನ್ 1963ರಲ್ಲೇ ಇಂಥ ಪ್ರಶ್ನೆಗಳನ್ನ ನಾಲ್ಕಾಗಿ ಬಿಡಿಸಿ ಇಟ್ಟಿದ್ದಾನೆ, ಯಾಂತ್ರಿಕತೆ ಏನು, ಬೆಳವಣಿಗೆಯಲ್ಲಿ ಹೇಗೆ ಬಂತು, ಉಳಿವಿಗೆ ಏನು ಉಪಯೋಗ, ವಂಶಾವಳಿಯಲ್ಲಿ ಎಲ್ಲಿಂದ ಶುರುವಾಯ್ತು ಅಂತ. ಇವನ್ನ ಕಲಸಿದ್ರೆ ತಾಯಿ ಮಗುನ ಮುದ್ದಾಡೋದೂ ಲಾಭನಷ್ಟದ ಲೆಕ್ಕ ಆಗ್ಬಿಡುತ್ತೆ. ತಾಯಿ ಲೆಕ್ಕ ಹಾಕ್ತಿಲ್ಲ, ಅವಳ ಪ್ರೀತಿ ಪ್ರೀತಿನೇ, ಅಂಥ ಪ್ರೀತಿ ಇದ್ದ ತಾಯಂದಿರ ಮಕ್ಕಳು ಹೆಚ್ಚು ಉಳಿದ್ರು ಅನ್ನೋದು ಬೇರೆ ಮಾತು.

"ನಮ್ಮ ತಲೆ ಇನ್ನೂ ಶಿಲಾಯುಗದಲ್ಲೇ ಇದೆ" ಅನ್ನೋ ಸಾಲು ತೆಗೆದ್ಬಿಡು. ದೊಡ್ಡವರಾದ ಮೇಲೂ ಹಾಲು ಜೀರ್ಣಿಸೋ ಶಕ್ತಿ ಪಶುಪಾಲನೆ ಶುರುವಾದ ಮೇಲಷ್ಟೇ ಹರಡಿದ್ದು, ಯುರೋಪಿನಲ್ಲಿ ಒಂದು ಮ್ಯುಟೇಷನ್, ಪೂರ್ವ ಆಫ್ರಿಕಾದಲ್ಲಿ ಬೇರೆ, ಎಲ್ಲಾ ಕೆಲವೇ ಸಾವಿರ ವರ್ಷದ ಮಾತು. ಸಂಸ್ಕೃತಿ ಬದಲಾದ್ರೆ ಜೀನೂ ಅದರ ಹಿಂದೆ ಬರುತ್ತೆ ಒಮ್ಮೊಮ್ಮೆ.

ಹಾರ್ವರ್ಡಿನ ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್ ಬಗ್ಗೆ ಬರೆದ ಭಾಗದಲ್ಲಿ ಅವನನ್ನ ಹೀರೋ ಮಾಡಿ, ವಿರೋಧಿಸಿದವರನ್ನ ವಿಜ್ಞಾನ ದ್ವೇಷಿಗಳು ಅಂದಿದೀಯ. ಪ್ರಾಣಿಗಳ ಸಾಮಾಜಿಕ ನಡವಳಿಕೆಗೆ ವಿಕಾಸದಲ್ಲಿ ಕಾರಣ ಹುಡುಕೋ 1975ರ ಅವನ 'ಸೋಶಿಯೋಬಯಾಲಜಿ' ಪುಸ್ತಕದಲ್ಲಿ 27 ಅಧ್ಯಾಯ, ಮನುಷ್ಯರ ಬಗ್ಗೆ ಇರೋದು ಕೊನೇದೊಂದು, ಗಲಾಟೆ ಎಲ್ಲಾ ಆ ಒಂದಕ್ಕೆ. 1978ರಲ್ಲಿ ವಾಷಿಂಗ್ಟನ್ನಿನ ಸಭೆಯಲ್ಲಿ ಅವನ ತಲೆ ಮೇಲೆ ನೀರು ಸುರಿದ್ರು, ಅದು ತಪ್ಪೇ. ಆದ್ರೆ ಅವನನ್ನ ಟೀಕಿಸಿದ ಸ್ಟೀಫನ್ ಜೇ ಗೂಲ್ಡ್, ರಿಚರ್ಡ್ ಲೆವಾಂಟಿನ್ ಇಬ್ರೂ ಅವನದೇ ಹಾರ್ವರ್ಡಿನ ಜೀವವಿಜ್ಞಾನಿಗಳು, ಡಾರ್ವಿನ್‌ನ ಒಪ್ಪಿದೋರೇ. ಮನುಷ್ಯರ ಗುಣ ಹುಟ್ಟಿನಿಂದಲೇ ಬರುತ್ತೆ ಅನ್ನೋ ಥರದ ಮಾತು ಹಿಂದೆ ಎಲ್ಲಿಗೆ ಹೋಗಿ ಮುಟ್ಟಿತ್ತು ಅಂತ ಅವರಿಗೆ ಗೊತ್ತಿತ್ತು. ಅಮೆರಿಕದಲ್ಲೇ ಕೆಟ್ಟ ವಂಶಗುಣ ಹರಡಬಾರದು ಅಂತ ಕಾನೂನು ಮಾಡಿ 60,000ಕ್ಕೂ ಹೆಚ್ಚು ಜನಕ್ಕೆ ಸಂತಾನಹರಣ ಮಾಡಿದ್ರು, 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಸೈ ಅಂತು. ಈ ಹಿನ್ನೆಲೆ ಇಲ್ಲದೆ ಆ ಸಿಟ್ಟು ಓದುಗರಿಗೆ ಹುಚ್ಚಾಟದ ಥರ ಕಾಣುತ್ತೆ.

ಕೊನೇದಾಗಿ, ಹ್ಯಾಮಿಲ್ಟನ್ ಥಿಯರಿ ಸತ್ತೋಯ್ತಂತೆ ಹೌದಾ ಅಂತ ಕೇಳಿದ್ಯಲ್ಲ. 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಹೇಳಿದ್ದು, ಹತ್ತಿರದ ಸಂಬಂಧಿಗೆ ಸಹಾಯ ಮಾಡಿದ್ರೆ ಹಂಚ್ಕೊಂಡಿರೋ ಜೀನ್ ಮೂಲಕ ಲಾಭ ಬರುತ್ತೆ, ಲಾಭನ ಸಂಬಂಧದ ಪ್ರಮಾಣದಿಂದ ಗುಣಿಸಿದಾಗ ಖರ್ಚಿಗಿಂತ ಜಾಸ್ತಿ ಇದ್ರೆ ಆ ಗುಣ ಹರಡುತ್ತೆ ಅಂತ. 2010ರಲ್ಲಿ ವಿಲ್ಸನ್ನೇ ಇನ್ನಿಬ್ಬರ ಜೊತೆ ಸೇರಿ ಇದು ಬೇಕಾಗೇ ಇಲ್ಲ ಅಂದ, ಮಾರನೇ ವರ್ಷ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಅವನ ಮಾತು ತಪ್ಪು ಅಂದ್ರು. ಸತ್ತಿಲ್ಲ, ಜಗಳ ಇದೆ. ಅದನ್ನ ಬರೆಯೋದಾದ್ರೆ ಬೆಂಗಳೂರಿನ ಐಐಎಸ್‌ಸಿಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ನೋಡಿರೋ ಕಣಜಗಳಿಂದ ಶುರು ಮಾಡು, ಅಲ್ಲಿ ರಾಣಿಗೂ ಕೆಲಸಗಾರ್ತಿಗೂ ಮೈಕಟ್ಟಲ್ಲಿ ವ್ಯತ್ಯಾಸನೇ ಕಾಣಲ್ಲ, ಕೆಲಸಗಾರ್ತಿ ಬೇಕಾದ್ರೆ ಗೂಡು ಬಿಟ್ಟು ಹೋಗಿ ತಾನೇ ರಾಣಿ ಆಗಬಹುದು, ಆದ್ರೂ ಎಷ್ಟೋ ಕಣಜಗಳು ಉಳ್ಕೊಂಡು ಬೇರೆಯವಳ ಮರಿ ಸಾಕ್ತವೆ. ಆದ್ರೆ ಈ ಲೇಖನಕ್ಕೆ ಅದನ್ನ ತುರುಕಬೇಡ, ಬೇರೆಯಾಗಿಯೇ ಬರಿ. ಇದಕ್ಕೆ ಮೊದ್ಲು ಬೇಟ್‌ಮನ್ ಪೇಪರು, 2012ರ ಪೇಪರು ಎರಡನ್ನೂ ತರಿಸ್ಕೊಂಡು ಪ್ರಯೋಗ ಹೇಗೆ ಮಾಡಿದ್ರು ಅನ್ನೋ ಭಾಗ ಓದು, ಆಮೇಲೆ ಆ ಪ್ಯಾರಾ ಒಂದನ್ನೇ ಹೊಸದಾಗಿ ಬರೆದು ಕಳ್ಸು, ಉಳಿದಿದ್ದಕ್ಕೆ ಆಮೇಲೆ ಕೈ ಹಾಕೋಣ.