ಅಪ್‌ಡೇಟ್ ಹಾಕುವ ಮುನ್ನ

ಎಲ್ಲರ ಗಮನಕ್ಕೆ: ಫೋನ್ ಅಪ್‌ಡೇಟ್‌ನಲ್ಲಿ ಹೊಸತು ಹುಡುಕಿದರೆ ಸಿಗುವುದು ಬಹುಪಾಲು ಐಕಾನ್‌ಗಳ ಆಕಾರ, ಜಾಗ ಬದಲಿಸಿದ ಬಟನ್. ಅಸಲಿ ಸರಕು ಸೆಕ್ಯುರಿಟಿ ಪ್ಯಾಚ್, ಅಂದರೆ ಭದ್ರತೆಯ ಲೋಪಗಳನ್ನು ಮುಚ್ಚುವ ತೇಪೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್ ಒಳಗೆ ಅದರ ದಿನಾಂಕ ಇರುತ್ತದೆ. ಆರು ತಿಂಗಳಿಗಿಂತ ಹಳೆಯದಾಗಿದ್ದರೆ ತಡಮಾಡಬೇಡಿ.

ಮೊದಲು ಬ್ಯಾಕಪ್ ತೆಗೆದಿಡಿ, ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಜಾಗ ಸಾಲದೆ ಅಪ್‌ಡೇಟ್ ನಡುವೆಯೇ ನಿಲ್ಲುವುದು ಮಾಮೂಲು. ಅಪ್‌ಡೇಟ್ ಆದಮೇಲೆ ಒಂದೆರಡು ದಿನ ಫೋನ್ ಬಿಸಿಯಾಗಿ ಚಾರ್ಜ್ ಬೇಗ ಇಳಿದರೆ ಗಾಬರಿ ಬೇಡ. ಆ್ಯಪ್‌ಗಳನ್ನು ಹೊಸ ವರ್ಷನ್‌ಗೆ ಹೊಂದಿಸುವ ಕೆಲಸ ಒಳಗೊಳಗೇ ನಡೆದಿರುತ್ತದೆ.

ಇನ್ನು ಕಂಪ್ಯೂಟರ್: ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಕಂಪ್ಯೂಟರ್ ಒಳಗಿನ ಭದ್ರತಾ ಸೌಲಭ್ಯ) ಬೇಕು. ಟಿಪಿಎಂ 'ಇಲ್ಲ' ಎಂದು ತೋರಿಸಿದ ತಕ್ಷಣ ಹೊಸ ಕಂಪ್ಯೂಟರ್‌ಗೆ ದುಡ್ಡು ಸುರಿಯಬೇಡಿ, ಎಷ್ಟೋ ಸಲ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್ಸ್) ಅದು ಬರೀ ಆಫ್ ಆಗಿರುತ್ತದೆ.